ಔಟ್‌ಬೋರ್ಡ್ ಮೋಟರ್ ಜಾಮ್ ಆದಾಗ: ಎಲ್ಲಿ ಹಿಡಿದಿದೆ, ಯಾಕೆ ಹಿಡಿದಿದೆ, ಬಿಡಿಸುವುದು ಹೇಗೆ

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟರ್ ಒಮ್ಮೊಮ್ಮೆ ಜಾಮ್ ಆಗಿಬಿಡುತ್ತದೆ. ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಒಂದಿಂಚೂ ಬರುವುದಿಲ್ಲ. ಕೀ ತಿರುಗಿಸಿದರೆ ಸ್ಟಾರ್ಟರ್ ಒಮ್ಮೆ ಟಕ್ ಅಂದು ಸುಮ್ಮನಾಗುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಹಗ್ಗವನ್ನು ಇನ್ನೂ ಜೋರಾಗಿ ಎಳೆಯುವುದು. ಅದೂ ಆಗದಿದ್ದರೆ ಇಂಜಿನ್ ತಲೆಯ ಮೇಲೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲ್ ನಟ್‌ಗೆ ಪಾನಾ ಹಾಕಿ, ಅದಕ್ಕೊಂದು ಉದ್ದದ ಪೈಪು ಸಿಕ್ಕಿಸಿ, ಇಬ್ಬರು ಸೇರಿ ತಿರುಚುವುದು. ಉಳಿಸಬಹುದಾಗಿದ್ದ ಎಷ್ಟೋ ಮೋಟರ್‌ಗಳು ಹಾಳಾಗುವುದು ಆ ಪೈಪಿನಿಂದಲೇ.

ಜಾಮ್ ಆಗಲು ಹತ್ತಾರು ಕಾರಣ ಇರಬಹುದು. ಕೆಲವನ್ನು ಐದು ನಿಮಿಷದಲ್ಲಿ ಸರಿ ಮಾಡಬಹುದು. ಕೆಲವಕ್ಕೆ ಇಡೀ ಇಂಜಿನ್ ಬಿಚ್ಚಬೇಕು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹಾಗಾಗಿ ಬಲ ಹಾಕುವುದು ಕೊನೆಯ ಕೆಲಸ ಆಗಬೇಕು. ಅದಕ್ಕೂ ಮುಂಚೆ ಹಿಡಿದಿರುವ ಜಾಗ ಯಾವುದು ಅಂತ ಗೊತ್ತಾಗಬೇಕು.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಮೋಟರ್ ಓಡುತ್ತಾ ಓಡುತ್ತಾ ಹಿಡಿಯಿತಾ, ಇಲ್ಲಾ ಚೆನ್ನಾಗಿ ಓಡಿದ್ದನ್ನು ನಿಲ್ಲಿಸಿಟ್ಟ ಮೇಲೆ ಹಿಡಿಯಿತಾ? ನಿಂತಲ್ಲೇ ಹಿಡಿದಿದ್ದರೆ ಬಹುತೇಕ ಅದು ತುಕ್ಕಿನ ಕೆಲಸ. ಒಳಗಿನ ಭಾಗಗಳು ಚೆನ್ನಾಗಿಯೇ ಇರುವ ಸಾಧ್ಯತೆ ಜಾಸ್ತಿ. ಎಣ್ಣೆ ಬಿಟ್ಟು ತಾಳ್ಮೆಯಿಂದ ಕಾದರೆ ಬಿಡಿಸಬಹುದು. ಓಡುವಾಗಲೇ ಹಿಡಿದಿದ್ದರೆ ಕಥೆ ಬೇರೆ. ಬಿಸಿ ಜಾಸ್ತಿಯಾಗಿಯೋ, ಆಯಿಲ್ ಸಿಗದೆಯೋ, ಏನಾದರೂ ಮುರಿದೋ ಲೋಹಕ್ಕೆ ಆಗಲೇ ಪೆಟ್ಟು ಬಿದ್ದಿರುತ್ತದೆ. ತಣ್ಣಗಾದ ಮೇಲೆ ತಾನಾಗಿಯೇ ತಿರುಗಿದರೂ ಅದನ್ನು ಬಿಚ್ಚಿ ನೋಡದೆ ಮತ್ತೆ ಓಡಿಸಬಾರದು.

ಎಲ್ಲವೂ ಒಂದೇ ಸಾಲಿನಲ್ಲಿ

ಔಟ್‌ಬೋರ್ಡ್‌ನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ನೆಟ್ಟಗೆ ನಿಂತಿರುತ್ತದೆ. ಅದರ ತಲೆಯ ಮೇಲೆ ಫ್ಲೈವೀಲ್. ಕೆಳತುದಿಗೆ ಉದ್ದನೆಯ ಡ್ರೈವ್ ಶಾಫ್ಟ್ ಹಲ್ಲುಹಲ್ಲಾಗಿ ಸೇರಿಕೊಂಡಿರುತ್ತದೆ. ಆ ಶಾಫ್ಟ್ ಮೋಟರಿನ ಕಾಲಿನ (ಇಂಜಿನ್‌ನಿಂದ ನೀರಿಗೆ ಇಳಿಯುವ ಉದ್ದನೆಯ ಭಾಗ) ಒಳಗೆ ಇಳಿದು, ದಾರಿಯಲ್ಲಿ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ತಿರುಗಿಸಿ, ಕೆಳಗಿನ ಗೇರ್‌ಕೇಸ್ ತಲುಪುತ್ತದೆ. ಅಲ್ಲಿ ಪಿನಿಯನ್ ಅನ್ನುವ ಸಣ್ಣ ಗೇರ್ ಫಾರ್ವರ್ಡ್ ಮತ್ತು ರಿವರ್ಸ್ ಗೇರ್ ಎರಡನ್ನೂ ಸದಾ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲೂ ಈ ಮೂರೂ ತಿರುಗುತ್ತವೆ. ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಬಿಡುವಾಗಿರುತ್ತದೆ.

ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಮೇಲಿನ ಪಿಸ್ಟನ್ ಹಿಡಿದರೂ ಕೆಳಗಿನ ಗೇರ್ ಬೇರಿಂಗ್ ಹಿಡಿದರೂ ಫ್ಲೈವೀಲ್ ಒಂದೇ ಥರ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ನ್ಯೂಟ್ರಲ್‌ನಲ್ಲಿ ಸಲೀಸಾಗಿ ತಿರುಗಿ, ಗೇರ್ ಹಾಕಿದ ಕೂಡಲೇ ನಿಂತರೆ ತಪ್ಪು ಪ್ರೊಪೆಲ್ಲರ್ ಕಡೆ ಇದೆ. ಮೀನಿನ ಗಾಳದ ದಾರ ಶಾಫ್ಟಿಗೆ ಸುತ್ತಿ ಬಿಗಿದಿದ್ದರೆ ಹೀಗೇ ಆಗುತ್ತದೆ. ಅಂಥದ್ದಕ್ಕೆ ಇಂಜಿನ್ ಬಿಚ್ಚಿ ಕೂತರೆ ದಿನ ಹಾಳು.

ಬಿಚ್ಚುವ ಮೊದಲು

ಕೈ ಹಾಕುವ ಮುನ್ನ ಕಿಲ್ ಸ್ವಿಚ್‌ನ ಕ್ಲಿಪ್ ತೆಗೆಯಿರಿ. ಬ್ಯಾಟರಿ ಇದ್ದರೆ ನೆಗೆಟಿವ್ ವೈರ್ ಬಿಚ್ಚಿ. ಪೆಟ್ರೋಲ್ ಪೈಪು ಕಳಚಿ. ಜಾಮ್ ಆದ ಮೋಟರ್ ಇದ್ದಕ್ಕಿದ್ದ ಹಾಗೆ ಬಿಟ್ಟುಕೊಂಡು ಒಂದು ಸುತ್ತು ಹಾಕಿದರೆ ಬೆರಳು ಹೋಗುವುದು ಕ್ಷಣದ ಕೆಲಸ.

ಈಗ ಗೇರ್ ಲಿವರ್ ನೋಡಿ. ಎಷ್ಟೋ ಮೋಟರ್‌ಗಳಲ್ಲಿ ಗೇರ್‌ನಲ್ಲಿದ್ದಾಗ ಹಗ್ಗ ಎಳೆಯಲು ಆಗದಂತೆ ಒಂದು ಲಾಕ್ ಇರುತ್ತದೆ. ಆ ಲಾಕಿನ ಕೇಬಲ್ ಸ್ವಲ್ಪ ಸರಿದರೂ ಸಾಕು, ನ್ಯೂಟ್ರಲ್‌ನಲ್ಲಿದ್ದರೂ ಹಗ್ಗ ಬರುವುದಿಲ್ಲ. ನೋಡುವವರಿಗೆ ಮೋಟರ್ ಸತ್ತಿದೆ ಅನ್ನಿಸುತ್ತದೆ. ಹಗ್ಗದ ಜೋಡಣೆಯನ್ನೇ ಬೋಲ್ಟ್ ತೆಗೆದು ಪೂರ್ತಿ ಎತ್ತಿಡಿ. ಆಮೇಲೆ ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿ ನೋಡಿ. ಹೆಚ್ಚಿನ ಔಟ್‌ಬೋರ್ಡ್‌ಗಳು ತಿರುಗುವುದು ಅದೇ ದಿಕ್ಕಿಗೆ. ಉಲ್ಟಾ ಸುತ್ತಿಸಿದರೆ ಇಂಪೆಲ್ಲರ್‌ನ ರಬ್ಬರ್ ರೆಕ್ಕೆಗಳು ಹಿಂದಕ್ಕೆ ಮಡಚಿಕೊಂಡು ಹರಿಯಬಹುದು.

ಸೆಲ್ಫ್ ಸ್ಟಾರ್ಟರ್ ಇರುವ ಮೋಟರ್ ಆದರೆ ಸ್ಟಾರ್ಟರ್‌ನ ಸಣ್ಣ ಗೇರ್ ಫ್ಲೈವೀಲ್ ಹಲ್ಲಿಗೆ ಕಚ್ಚಿಕೊಂಡು ಅಲ್ಲೇ ಉಳಿದಿದೆಯಾ ನೋಡಿ. ತುಕ್ಕು ಮತ್ತು ಹಳೇ ಗ್ರೀಸು ಸೇರಿದರೆ ಅದು ಹಿಂದಕ್ಕೆ ಬರುವುದೇ ಇಲ್ಲ. ಬ್ಯಾಟರಿ ಇಳಿದಿದ್ದರೂ, ವೈರಿನ ತುದಿಗೆ ಹಸಿರು ಪುಡಿ ಕಟ್ಟಿದ್ದರೂ ಅದೇ ಟಕ್ ಶಬ್ದ ಬರುತ್ತದೆ. ಕೈಯಲ್ಲಿ ಫ್ಲೈವೀಲ್ ತಿರುಗಿದರೆ ಇಂಜಿನ್ ಬಿಟ್ಟು ಕರೆಂಟಿನ ಕಡೆ ಹುಡುಕಿ.

ಫ್ಲೈವೀಲ್ ಒಳಗೂ ಒಂದು ಕಳ್ಳ ಜಾಗ ಇದೆ. ಒಳಗೋಡೆಗೆ ಅಂಟಿಸಿರುವ ಅಯಸ್ಕಾಂತಗಳು ಬಿಟ್ಟುಕೊಂಡರೆ, ಅವುಗಳ ಚೂರು ಕಾಯಿಲ್‌ಗಳ ಮಧ್ಯೆ ಸಿಕ್ಕಿ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಫ್ಲೈವೀಲಿಗೆ ಸುತ್ತಿಗೆ ಹೊಡೆಯಬೇಡಿ ಅನ್ನುವುದು ಇದಕ್ಕೇ. ತೆಗೆಯಬೇಕಾದರೆ ಮಧ್ಯದ ತೂತುಗಳಿಗೆ ಬೋಲ್ಟ್ ಹಾಕುವ ಪುಲ್ಲರ್ ಬಳಸಿ. ಅಂಚಿಗೆ ಕೊಕ್ಕೆ ಹಾಕಿ ಎಳೆಯುವ ಪುಲ್ಲರ್ ಬೇಡ.

ಪ್ಲಗ್ ತೆಗೆಯಿರಿ

ಇನ್ನೂ ತಿರುಗುತ್ತಿಲ್ಲ ಅಂದರೆ ಎಲ್ಲಾ ಸ್ಪಾರ್ಕ್ ಪ್ಲಗ್ ತೆಗೆಯಿರಿ. ಯಾವುದು ಯಾವ ಸಿಲಿಂಡರಿನದು ಅಂತ ಗುರುತು ಹಾಕಿ ಸಾಲಾಗಿ ಇಡಿ. ಇದರಿಂದ ಎರಡು ಲಾಭ. ಮೊದಲನೆಯದು, ಸಿಲಿಂಡರಿನಲ್ಲಿ ನೀರೋ ಪೆಟ್ರೋಲೋ ತುಂಬಿದ್ದರೆ ಅದಕ್ಕೆ ಹೊರಬರಲು ದಾರಿ ಸಿಗುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ಅಲ್ಲಿ ನೀರು ನಿಂತಿದ್ದರೆ ಅಲ್ಲೇ ಗಕ್ಕನೆ ನಿಲ್ಲುತ್ತದೆ. ಇದಕ್ಕೆ ಹೈಡ್ರೋಲಾಕ್ ಅನ್ನುತ್ತಾರೆ. ಆ ಹೊತ್ತಲ್ಲಿ ಸ್ಟಾರ್ಟರ್ ಒತ್ತಿ ಹಿಡಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಬಗ್ಗಬಹುದು.

ತೂತಿನ ಮುಂದೆ ಬಟ್ಟೆ ಹಿಡಿದು, ಮುಖ ದೂರ ಇಟ್ಟು, ಕೈಯಲ್ಲೇ ನಿಧಾನ ತಿರುಗಿಸಿ. ಹೊರಗೆ ಬಂದದ್ದು ಪೆಟ್ರೋಲ್ ಆದರೆ ಕಾರ್ಬ್ಯುರೇಟರ್‌ನ ಫ್ಲೋಟ್ ಸೂಜಿ ಮುಚ್ಚಿಕೊಳ್ಳುತ್ತಿಲ್ಲ, ಅಥವಾ ಇಂಜೆಕ್ಟರ್ ಸೋರುತ್ತಿದೆ. ನೀರು ಬಂದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನ ಮುಚ್ಚಳವಾದ ಹೆಡ್ ಅಡಿಯ ಪದರ) ಹೋಗಿದೆಯಾ, ಎಕ್ಸಾಸ್ಟ್ ಕವರ್ ತೂತಾಗಿದೆಯಾ ನೋಡಬೇಕು. ಮೋಟರನ್ನು ತಲೆ ಕೆಳಗೆ, ಕಾಲು ಮೇಲೆ ಆಗುವಂತೆ ಮಲಗಿಸಿದರೂ ಕಾಲಿನಲ್ಲಿ ಉಳಿದ ನೀರು ಎಕ್ಸಾಸ್ಟ್ ದಾರಿಯಲ್ಲಿ ಹರಿದು ಸಿಲಿಂಡರ್ ಸೇರುತ್ತದೆ. ಗಾಡಿಯಲ್ಲಿ ಸಾಗಿಸುವಾಗ ಇದು ಸುಲಭವಾಗಿ ಆಗುವಂಥದ್ದು.

ಎರಡನೇ ಲಾಭ ಪ್ಲಗ್‌ಗಳೇ ಹೇಳುವ ಕಥೆ. ಬಿಳಿ ಬಟ್ಟೆಯ ಮೇಲಿಟ್ಟು, ಒಳ್ಳೆ ಬೆಳಕಿನಲ್ಲಿ ತುದಿಯ ಪಿಂಗಾಣಿ ನೋಡಿ. ಕಂದು ಬಣ್ಣ ಇದ್ದರೆ ಸರಿ. ತುಕ್ಕಿನ ಕೆಂಪು ಇದ್ದರೆ ಆ ಸಿಲಿಂಡರಿಗೆ ನೀರು ಹೋಗಿದೆ. ಸುಣ್ಣದಂತೆ ಬೆಳ್ಳಗಾಗಿದ್ದರೆ ತುಂಬಾ ಬಿಸಿಯಾಗಿದೆ. ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣದಾದ ಬೆಳ್ಳಿ ಬಣ್ಣದ ಚುಕ್ಕೆಗಳು ಕಂಡರೆ ಅದು ಕರಗಿದ ಪಿಸ್ಟನ್. ಅಲ್ಯೂಮಿನಿಯಂ ಕರಗಿ ಸಿಡಿದು ಅಲ್ಲಿ ಅಂಟಿಕೊಂಡಿದೆ. ಅಂಥ ಸಿಲಿಂಡರ್ ಎಣ್ಣೆ ಹಾಕಿದರೆ ಬಿಡುವಂಥದ್ದಲ್ಲ.

ಪ್ಲಗ್ ತೂತಿನಿಂದ ಸಣ್ಣ ಟಾರ್ಚ್ ಬಿಟ್ಟು ನೋಡಿ. ಫೋನಿಗೆ ಸಿಕ್ಕಿಸುವ ಬೋರ್‌ಸ್ಕೋಪ್ ಕ್ಯಾಮೆರಾ ಇದ್ದರೆ ಇನ್ನೂ ಚೆನ್ನ. ಆರೋಗ್ಯವಾಗಿರುವ ಗೋಡೆ ಬೂದು ಬಣ್ಣದಲ್ಲಿ ಸಮನಾಗಿ ಹೊಳೆಯುತ್ತದೆ, ಹೋನಿಂಗ್ ಮಾಡಿದ ಅಡ್ಡಗೆರೆಗಳು ತೆಳುವಾಗಿ ಕಾಣುತ್ತವೆ. ತುಕ್ಕು ಹಿಡಿದಿದ್ದರೆ ಕೆಂಚು ಪಟ್ಟಿ ಕಾಣುತ್ತದೆ, ಸಾಮಾನ್ಯವಾಗಿ ಗೋಡೆಯ ಕೆಳಭಾಗದಲ್ಲಿ, ಯಾಕೆಂದರೆ ನೀರು ನಿಲ್ಲುವುದು ಅಲ್ಲೇ. ಬಿಸಿಗೆ ಹಿಡಿದಿದ್ದರೆ ಗೋಡೆಯ ಉದ್ದಕ್ಕೂ ಗೀರು, ಅದರ ಮೇಲೆ ಒರೆಸಿದ ಹಾಗೆ ಬೆಳ್ಳಿ ಪಟ್ಟೆ.

ಮೇಲೋ ಕೆಳಗೋ?

ಪ್ಲಗ್ ತೆಗೆದರೂ ಫ್ಲೈವೀಲ್ ಅಲ್ಲಾಡುತ್ತಿಲ್ಲ ಅಂದರೆ ಕೆಳಗಿನ ಗೇರ್‌ಕೇಸ್ ಬಿಚ್ಚಿ ಬೇರೆ ಮಾಡುವುದು ಒಳ್ಳೆಯದು. ಬಹಳ ಜನ ಇದನ್ನು ಬಿಟ್ಟು ಸೀದಾ ಹೆಡ್‌ಗೆ ಕೈ ಹಾಕುತ್ತಾರೆ. ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಅತಿ ಹೆಚ್ಚು ಶ್ರಮ ಉಳಿಸುವ ಹೆಜ್ಜೆ ಇದು.

ಮೊದಲು ಗೇರ್ ಆಯಿಲ್ ಇಳಿಸಿ. ಕೆಳಗಿನ ಸ್ಕ್ರೂ ತೆಗೆದು, ಆಮೇಲೆ ಮೇಲಿನದು. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಮೊದಲೇ ಬರಿ ನೀರು ಸುರಿದರೆ ಬೇರಿಂಗ್‌ಗಳ ಆಸೆ ಬಿಡಿ. ಸ್ಕ್ರೂ ತುದಿಯ ಅಯಸ್ಕಾಂತಕ್ಕೆ ನಯವಾದ ಬೂದು ಹಿಟ್ಟು ಅಂಟಿರುವುದು ಮಾಮೂಲಿ. ಚೂರು, ಚಕ್ಕೆ ಇದ್ದರೆ ಗೇರ್ ಅಥವಾ ಬೇರಿಂಗ್ ಮುರಿದಿದೆ.

ಗೇರ್‌ಕೇಸ್ ಹಿಡಿದಿರುವ ಬೋಲ್ಟ್‌ಗಳಲ್ಲಿ ಒಂದು ಎಷ್ಟೋ ಮಾಡೆಲ್‌ಗಳಲ್ಲಿ ಪ್ರೊಪೆಲ್ಲರ್ ಮೇಲಿರುವ ಸಣ್ಣ ಟ್ರಿಮ್ ಟ್ಯಾಬ್ ಅಡಿ ಅಡಗಿರುತ್ತದೆ. ಅದನ್ನು ನೋಡದೆ ಎಳೆದರೆ ಕೇಸ್ ಒಡೆಯುತ್ತದೆ. ಗೇರ್ ಬದಲಿಸುವ ರಾಡ್ ಕಳಚುವುದನ್ನೂ ಮರೆಯಬಾರದು. ಎಲ್ಲಾ ಬೋಲ್ಟ್ ತೆಗೆದರೂ ಇಳಿಯದಿದ್ದರೆ ಡ್ರೈವ್ ಶಾಫ್ಟ್‌ನ ಹಲ್ಲುಗಳು ಕ್ರ್ಯಾಂಕಿನೊಳಗೆ ತುಕ್ಕು ಹಿಡಿದು ಕೂತಿವೆ ಅಂತ ಅರ್ಥ. ಉಪ್ಪುನೀರಲ್ಲಿ ಓಡಿದ ಮೋಟರ್‌ಗಳಲ್ಲಿ ಇದು ಜಾಸ್ತಿ. ತುಕ್ಕು ಬಿಡಿಸುವ ಎಣ್ಣೆ, ಸ್ವಲ್ಪ ಶಾಖ, ಸುತ್ತಲೂ ಮರದ ಬೆಣೆಯಿಂದ ಸಮನಾಗಿ ಮೀಟುವುದು. ಅಷ್ಟೇ ದಾರಿ.

ಕೇಸ್ ಕೆಳಗೆ ಬಂದ ಮೇಲೆ ಫ್ಲೈವೀಲ್ ತಿರುಗಿಸಿ ನೋಡಿ. ತಿರುಗಿತಾ? ಹಾಗಾದರೆ ಮೇಲಿನ ಇಂಜಿನ್ ಬದುಕಿದೆ, ಕಾಯಿಲೆ ಕೆಳಗಿದೆ. ಗೇರ್‌ಕೇಸ್ ಬಿಚ್ಚಿ ಬೇರಿಂಗ್, ಸೀಲ್, ಗೇರ್ ಬದಲಿಸುವುದು ಅಳತೆಯ ಕೆಲಸ. ಗೇರ್ ಹಲ್ಲುಗಳ ನಡುವಿನ ಸಂದು ತೆಳು ತಗಡಿನ ಶಿಮ್‌ಗಳಿಂದ ಸರಿಹೊಂದಬೇಕು. ಅದಕ್ಕೆ ಬೇಕಾದ ಗೇಜ್ ಇಲ್ಲದಿದ್ದರೆ ಅನುಭವ ಇರುವವರ ಕೈಗೆ ಕೊಡುವುದು, ಇಲ್ಲವೇ ಚೆನ್ನಾಗಿರುವ ಹಳೇ ಗೇರ್‌ಕೇಸ್ ಹುಡುಕುವುದು ವಾಸಿ. ಫ್ಲೈವೀಲ್ ಇನ್ನೂ ಗಟ್ಟಿಯಾಗೇ ಇದ್ದರೆ ಇಂಜಿನ್ ಕಡೆ ಬನ್ನಿ.

ತುಕ್ಕಿಗೆ ಹಿಡಿದ ಇಂಜಿನ್

ಪಿಸ್ಟನ್ ಅಲ್ಯೂಮಿನಿಯಂನದು, ಅದು ಕೆಂಪು ತುಕ್ಕು ಹಿಡಿಯುವುದಿಲ್ಲ. ಹಿಡಿಯುವುದು ಪಿಸ್ಟನ್ ಸುತ್ತಲಿನ ಕಬ್ಬಿಣದ ರಿಂಗ್‌ಗಳು ಮತ್ತು ಅವು ಉಜ್ಜುವ ಎರಕದ ಕಬ್ಬಿಣದ ಲೈನರ್, ಅಂದರೆ ಸಿಲಿಂಡರಿನ ಒಳಗೋಡೆ. ನಿಂತ ಜಾಗದಲ್ಲೇ ಎರಡೂ ತುಕ್ಕಿನಿಂದ ಬೆಸೆದುಕೊಳ್ಳುತ್ತವೆ. ಟೂ ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್ ಪೋರ್ಟ್ (ಗೋಡೆಯಲ್ಲಿ ಹೊಗೆ ಹೊರಹೋಗುವ ಕಿಂಡಿ) ತೆರೆದಿರುವ ಸಿಲಿಂಡರಿಗೆ, ಫೋರ್ ಸ್ಟ್ರೋಕ್‌ನಲ್ಲಿ ವಾಲ್ವ್ ತೆರೆದಿರುವ ಸಿಲಿಂಡರಿಗೆ ತೇವದ ಗಾಳಿ ಸುಲಭವಾಗಿ ನುಗ್ಗುತ್ತದೆ. ಹೀಗಾಗಿ ಮೂರು ಸಿಲಿಂಡರ್ ಇದ್ದರೆ ಮೂರೂ ಹಿಡಿದಿರುವುದು ಅಪರೂಪ. ಒಂದೇ ಸಿಲಿಂಡರ್ ಸಾಕು ಇಡೀ ಇಂಜಿನ್ ನಿಲ್ಲಿಸಲು.

ಎಣ್ಣೆ ಹಾಕುವುದರಲ್ಲಿ ಕಾರ್ ಇಂಜಿನ್ ಗೊತ್ತಿರುವವರೇ ಎಡವುತ್ತಾರೆ. ಔಟ್‌ಬೋರ್ಡ್‌ನಲ್ಲಿ ಕ್ರ್ಯಾಂಕ್ ನೆಟ್ಟಗಿರುವುದರಿಂದ ಸಿಲಿಂಡರ್‌ಗಳು ಮಲಗಿರುತ್ತವೆ. ಮೋಟರ್ ನೆಟ್ಟಗಿದ್ದಾಗ ಎಣ್ಣೆ ಬಿಟ್ಟರೆ ಅದು ಗೋಡೆಯ ಕೆಳಭಾಗದಲ್ಲಿ ಮಾತ್ರ ನಿಲ್ಲುತ್ತದೆ. ರಿಂಗ್‌ನ ಮೇಲರ್ಧಕ್ಕೆ ಒಂದು ತೊಟ್ಟೂ ತಲುಪುವುದಿಲ್ಲ. ಹಾಗಾಗಿ ಮೋಟರನ್ನು ಪೂರ್ತಿ ಟಿಲ್ಟ್ ಮಾಡಿ, ಅಂದರೆ ಕಾಲು ಹಿಂದಕ್ಕೆ ಮೇಲೇಳುವಂತೆ ಓರೆ ಮಾಡಿ. ಆಗ ಹೆಡ್ ಇರುವ ಹಿಂಭಾಗ ಮೇಲಕ್ಕೆ ಬಂದು, ಪ್ಲಗ್ ತೂತುಗಳು ಆಕಾಶದ ಕಡೆ ನೋಡುತ್ತವೆ. ಈಗ ಬಿಟ್ಟ ಎಣ್ಣೆ ಪಿಸ್ಟನ್ ತಲೆಯ ಮೇಲೆ ಕೆರೆಯಾಗಿ ನಿಂತು, ಸುತ್ತಲೂ ರಿಂಗ್ ಸಂದಿಗೆ ಇಳಿಯುತ್ತದೆ. ಟೂ ಸ್ಟ್ರೋಕ್‌ನಲ್ಲಿ ಪೋರ್ಟ್ ತೆರೆದಿದ್ದರೆ, ಫೋರ್ ಸ್ಟ್ರೋಕ್‌ನಲ್ಲಿ ವಾಲ್ವ್ ತೆರೆದಿದ್ದರೆ ಎಣ್ಣೆ ಅಲ್ಲಿಂದ ಜಾರಿ ಹೋಗುತ್ತದೆ. ಆಗ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಬಿಡಬೇಕು.

ಯಾವ ಎಣ್ಣೆ? ಅಂಗಡಿಯಲ್ಲಿ ಸಿಗುವ ತುಕ್ಕು ಬಿಡಿಸುವ ಎಣ್ಣೆ ನಡೆಯುತ್ತದೆ. ಮೆಕ್ಯಾನಿಕ್‌ಗಳು ನಂಬುವ ಇನ್ನೊಂದು ಮಿಶ್ರಣ ಇದೆ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್, ಎರಡೂ ಸಮ ಸಮ. ಇಟ್ಟರೆ ಬೇರೆ ಬೇರೆ ಆಗುತ್ತದೆ, ಹಾಗಾಗಿ ಹಾಕುವ ಮುಂಚೆ ಪ್ರತಿ ಸಲ ಕುಲುಕಬೇಕು. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಪೇಂಟ್ ಮತ್ತು ರಬ್ಬರನ್ನು ತಿನ್ನುತ್ತದೆ. ಬಯಲಲ್ಲಿ ಮಾತ್ರ ಬಳಸಿ, ಹತ್ತಿರ ಬೆಂಕಿ ಬೇಡ. ಎಣ್ಣೆ ಯಾವುದಾದರೂ ಇರಲಿ, ಕೆಲಸ ಮಾಡುವುದು ಸಮಯ. ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಬಿಡಬೇಕಾಗುತ್ತದೆ. ನಡುವೆ ಹೀಟ್ ಗನ್‌ನಿಂದ ಬ್ಲಾಕನ್ನು ಹೊರಗಿನಿಂದ ಬೆಚ್ಚಗೆ ಮಾಡಿ ಆರಲು ಬಿಟ್ಟರೆ ಲೋಹ ಹಿಗ್ಗಿ ಕುಗ್ಗಿ, ಎಣ್ಣೆಗೆ ದಾರಿಯಾಗುತ್ತದೆ. ಆದರೆ ಅಸಿಟೋನ್ ಹಾಕಿದ ಇಂಜಿನ್‌ಗೆ ಶಾಖ ಬೇಡವೇ ಬೇಡ. ಪೆಟ್ರೋಲ್ ವಾಸನೆ ಇರುವ ಕಡೆ ಗ್ಯಾಸ್ ಟಾರ್ಚ್ ಹಚ್ಚುವುದನ್ನೂ ಮರೆತುಬಿಡಿ.

ಆಮೇಲೆ ತಿರುಗಿಸುವುದು. ಫ್ಲೈವೀಲಿನ ಸುತ್ತ ಪಟ್ಟಿ ಪಾನಾ ಹಾಕಿ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಅಲ್ಲಾಡಿಸಿ. ಗೇರ್‌ಕೇಸ್ ಬಿಚ್ಚಿಟ್ಟಿರುವುದರಿಂದ ಇಂಪೆಲ್ಲರ್ ಚಿಂತೆ ಇಲ್ಲ. ಮೊದಲ ಚಲನೆ ಬೆಂಕಿಕಡ್ಡಿಯ ದಪ್ಪದಷ್ಟೂ ಇರುವುದಿಲ್ಲ. ಫ್ಲೈವೀಲಿನ ಮೇಲೆ ಮತ್ತು ಪಕ್ಕದ ಬ್ಲಾಕಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟರೆ ಅಷ್ಟು ಸರಿದದ್ದೂ ಗೊತ್ತಾಗುತ್ತದೆ. ಸರಿಯಿತಾ? ಖುಷಿಯಲ್ಲಿ ಒಂದೇ ಸಲ ಸುತ್ತಿಸಬೇಡಿ. ಮತ್ತೆ ಎಣ್ಣೆ, ಮತ್ತೆ ಕಾಯುವುದು, ಮತ್ತೆ ಹಿಂದೆ ಮುಂದೆ. ತುಕ್ಕು ಪುಡಿಯಾಗಿ ಹೊರಬರಬೇಕು. ಬಲವಂತ ಮಾಡಿದರೆ ರಿಂಗ್ ಮುರಿದು ಅದರ ತುದಿ ಟೂ ಸ್ಟ್ರೋಕ್‌ನ ಪೋರ್ಟಿಗೆ ಸಿಕ್ಕಿಕೊಳ್ಳುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ವಾಲ್ವ್ ತುಕ್ಕು ಹಿಡಿದು ತೆರೆದೇ ಉಳಿದಿದ್ದರೆ ಪಿಸ್ಟನ್ ಬಂದು ಅದಕ್ಕೆ ಗುದ್ದಿ ಬಗ್ಗಿಸಬಹುದು. ವಾಲ್ವ್ ಕವರ್ ತೆಗೆದು ವಾಲ್ವ್‌ಗಳು ಚಲಿಸುತ್ತಿವೆಯಾ ನೋಡಿಕೊಂಡೇ ತಿರುಗಿಸಿ.

ಹೀಗೂ ಬಿಡದಿದ್ದರೆ ಹೆಡ್ ತೆಗೆಯಬೇಕು. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಸ್ಟೀಲ್ ಬೋಲ್ಟ್, ಮಧ್ಯೆ ಉಪ್ಪು. ಬೋಲ್ಟಿನ ಸುತ್ತ ಬಿಳಿ ಪುಡಿ ಕಟ್ಟಿದ್ದರೆ ಅದು ಮುರಿಯಲು ಕಾಯುತ್ತಿದೆ ಅಂತಲೇ ತಿಳಿಯಿರಿ. ಶಾಖ ಕೊಡುವುದಾದರೆ ಬೋಲ್ಟಿಗಲ್ಲ, ಸುತ್ತಲಿನ ಅಲ್ಯೂಮಿನಿಯಂಗೆ. ಮೊದಲು ಒಂದು ಚೂರು ಬಿಗಿ ಮಾಡಿ, ಆಮೇಲೆ ಸಡಿಲಿಸಿ.

ಹೆಡ್ ತೆಗೆದ ಮೇಲೆ ಪಿಸ್ಟನ್ ಮೇಲೆ ಅದರ ಅಗಲಕ್ಕೆ ಸರಿಯಾದ ಗಟ್ಟಿ ಮರದ ತುಂಡು ಇಟ್ಟು ಕೊಡತಿಯಿಂದ ಸಣ್ಣಗೆ ತಟ್ಟಬಹುದು. ತಟ್ಟುವ ಮೊದಲು ಪಿಸ್ಟನ್ ಎಲ್ಲಿದೆ ನೋಡಿ. ಅದು ತೀರಾ ಮೇಲಿನ ತುದಿಯಲ್ಲೋ ತೀರಾ ಕೆಳಗಿನ ತುದಿಯಲ್ಲೋ ಇದ್ದರೆ ರಾಡ್ ಮತ್ತು ಕ್ರ್ಯಾಂಕ್ ನೇರ ಸಾಲಿನಲ್ಲಿರುತ್ತವೆ. ಆಗ ಹೊಡೆದ ಪೆಟ್ಟು ಕ್ರ್ಯಾಂಕನ್ನು ತಿರುಗಿಸುವುದಿಲ್ಲ, ಸೀದಾ ಬೇರಿಂಗಿಗೆ ಬೀಳುತ್ತದೆ. ಅಂಥಲ್ಲಿ ಫ್ಲೈವೀಲ್ ಕಡೆಯಿಂದಲೇ ಅಲ್ಲಾಡಿಸುತ್ತಾ ಬಿಡಿಸಬೇಕು.

ಬಿಸಿಗೆ ಹಿಡಿದ ಇಂಜಿನ್

ಅಲ್ಯೂಮಿನಿಯಂ ಬಿಸಿಯಾದಾಗ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂ, ಅದರ ಸುತ್ತಲಿನ ಲೈನರ್ ಕಬ್ಬಿಣ. ಎರಡರ ನಡುವೆ ಕೂದಲೆಳೆಯಷ್ಟು ಜಾಗ, ಅದರಲ್ಲಿ ಎಣ್ಣೆಯ ಪದರ. ನೀರು ಬರುವುದು ನಿಂತರೆ ಪಿಸ್ಟನ್ ಹಿಗ್ಗಿ ಆ ಜಾಗ ಮುಚ್ಚುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡ ಹಾಗೆ. ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ಉಜ್ಜಿದ ಜಾಗದಲ್ಲಿ ಅಲ್ಯೂಮಿನಿಯಂ ಕರಗಿ ಗೋಡೆಗೆ ಬಳಿದುಕೊಳ್ಳುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಉರಿಯುವ ಗ್ಯಾಸಿನ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ.

ತಣ್ಣಗಾದ ಮೇಲೆ ಪಿಸ್ಟನ್ ಕುಗ್ಗಿ, ಇಂಜಿನ್ ಮತ್ತೆ ತಿರುಗಬಹುದು. ಸ್ಟಾರ್ಟ್ ಕೂಡ ಆಗಬಹುದು. ಆದರೆ ಒರಟಾದ ಗೋಡೆ ಮತ್ತು ಗೀರು ಬಿದ್ದ ಪಿಸ್ಟನ್ ಮುಂದಿನ ಸಲ ಇನ್ನೂ ಬೇಗ ಹಿಡಿಯುತ್ತವೆ, ಅದೂ ದಡದಿಂದ ದೂರ ಇದ್ದಾಗ. ದಯವಿಟ್ಟು ಹೆಡ್ ತೆಗೆದು ನೋಡಿ.

ಗೋಡೆಯ ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಬೋರ್ ಮಾಡಿಸಬೇಕು, ಅಂದರೆ ಸಿಲಿಂಡರನ್ನು ಕೊರೆಸಿ ಸ್ವಲ್ಪ ಅಗಲ ಮಾಡಿಸಬೇಕು, ಓವರ್‌ಸೈಜ್ ಪಿಸ್ಟನ್ ಹಾಕಬೇಕು. 0.25 ಅಥವಾ 0.5 ಮಿಲಿಮೀಟರ್ ದೊಡ್ಡ ಪಿಸ್ಟನ್‌ಗಳು ಅನೇಕ ಮಾಡೆಲ್‌ಗಳಿಗೆ ಸಿಗುತ್ತವೆ. ಪಿಸ್ಟನ್ ಕೈಗೆ ಬಂದು ಅಳತೆ ನೋಡಿದ ಮೇಲೇ ಬೋರ್ ಮಾಡಿಸಿ. ಉಗುರು ಸಿಗದೆ ಬರಿ ಬೆಳ್ಳಿ ಪಟ್ಟೆ ಮಾತ್ರ ಇದ್ದರೆ, ಕೆಳಗಿನ ಕಬ್ಬಿಣ ಚೆನ್ನಾಗಿರಬಹುದು. ಅಂಟಿರುವ ಅಲ್ಯೂಮಿನಿಯಂ ಕರಗಿಸಲು ಕಾಸ್ಟಿಕ್ ಸೋಡಾದ ನೀರನ್ನು ಹತ್ತಿಯಲ್ಲಿ ಆ ಪಟ್ಟೆಗೆ ಮಾತ್ರ ಹಚ್ಚುತ್ತಾರೆ. ಅದು ಅಲ್ಯೂಮಿನಿಯಂ ತಿನ್ನುತ್ತದೆ, ಕಬ್ಬಿಣ ಮುಟ್ಟುವುದಿಲ್ಲ. ಆದರೆ ಬ್ಲಾಕೇ ಅಲ್ಯೂಮಿನಿಯಂ ಅನ್ನುವುದು ನೆನಪಿರಲಿ, ಒಂದು ಹನಿ ಹೊರಗೆ ಬಿದ್ದರೂ ಅಲ್ಲೂ ತಿನ್ನುತ್ತದೆ. ಕೈಗವಸು, ಕನ್ನಡಕ ಬೇಕೇ ಬೇಕು. ಹೊರಡುವ ಗ್ಯಾಸ್ ಹೈಡ್ರೋಜನ್, ಅದು ಹೊತ್ತಿಕೊಳ್ಳುತ್ತದೆ. ಕೆಲವು ಇಂಜಿನ್‌ಗಳಲ್ಲಿ ಕಬ್ಬಿಣದ ಲೈನರ್ ಬದಲು ಅಲ್ಯೂಮಿನಿಯಂ ಮೇಲೆಯೇ ಗಟ್ಟಿ ಲೇಪ ಇರುತ್ತದೆ. ಅವುಗಳಿಗೆ ಈ ಉಪಾಯ ಬೇಡ, ಮಾಮೂಲಿ ಬೋರಿಂಗೂ ಬೇಡ.

ಪಿಸ್ಟನ್ ಚೆನ್ನಾಗಿದ್ದೂ ಇಂಜಿನ್ ಹಿಡಿದಿದ್ದರೆ ಬೇರಿಂಗ್ ಕಡೆ ಅನುಮಾನ ಪಡಬೇಕು. ಟೂ ಸ್ಟ್ರೋಕ್‌ನ ಕ್ರ್ಯಾಂಕ್ ಮತ್ತು ರಾಡ್‌ಗೆ ಸೂಜಿಯಂಥ ರೋಲರ್ ಬೇರಿಂಗ್‌ಗಳು. ಅವಕ್ಕೆ ಆಯಿಲ್ ಸಿಗುವುದು ಪೆಟ್ರೋಲ್ ಜೊತೆಯಲ್ಲೇ. ರಾಡಿನ ತುದಿ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಸುಟ್ಟಿದೆ, ಮತ್ತೆ ಬಳಸುವಂತಿಲ್ಲ. ಫೋರ್ ಸ್ಟ್ರೋಕ್‌ನಲ್ಲಿ ಆಯಿಲ್ ಒತ್ತಡ ಹೋಗಿ ಕ್ರ್ಯಾಂಕ್ ಬೇರಿಂಗ್ ಹಿಡಿದಿದ್ದರೆ ರಿಪೇರಿಯ ಲೆಕ್ಕ ಬೇರೆಯೇ ಆಗುತ್ತದೆ. ರಾಡ್ ಮುರಿದು ಬ್ಲಾಕ್ ತೂತು ಮಾಡಿದ್ದರಂತೂ ಚೆನ್ನಾಗಿರುವ ಹಳೇ ಪವರ್‌ಹೆಡ್ (ಮೇಲಿನ ಇಡೀ ಇಂಜಿನ್) ಹುಡುಕಿ ಇಡಿಯಾಗಿ ಬದಲಿಸುವುದೇ ಜಾಣತನ.

ಕಾರಣ ಸಿಗದೆ ಮುಚ್ಚಬೇಡಿ

ಹೊಸ ಪಿಸ್ಟನ್ ಹಾಕಿ ಹಳೇ ತಪ್ಪನ್ನು ಹಾಗೇ ಬಿಟ್ಟರೆ ಹೊಸ ಪಿಸ್ಟನ್ನೂ ಹೋಗುತ್ತದೆ. ಯಾವ ಸಿಲಿಂಡರ್ ಹಿಡಿದಿದೆ ಅನ್ನುವುದೇ ದೊಡ್ಡ ಸುಳಿವು. ಎಲ್ಲವೂ ಸಮನಾಗಿ ಬಿಸಿಯಾಗಿದ್ದರೆ ನೀರಿನ ಪಂಪು, ಥರ್ಮೋಸ್ಟಾಟ್ ಅಥವಾ ಆಯಿಲ್ ಇಲ್ಲದ ಪೆಟ್ರೋಲ್. ಒಂದೇ ಹಿಡಿದಿದ್ದರೆ ಆ ಸಿಲಿಂಡರಿನ ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟಿಕೊಂಡಿರಬಹುದು. ಟೂ ಸ್ಟ್ರೋಕ್‌ನಲ್ಲಿ ಇದು ಎರಡು ಪೆಟ್ಟು. ಪೆಟ್ರೋಲ್ ಕಡಿಮೆಯಾದರೆ ಬಿಸಿ ಏರುತ್ತದೆ, ಅದೇ ಪೆಟ್ರೋಲಿನಲ್ಲಿ ಬರಬೇಕಾದ ಆಯಿಲೂ ಕಡಿಮೆಯಾಗುತ್ತದೆ. ಕ್ರ್ಯಾಂಕ್ ಸೀಲ್ ಸೋರಿ ಹೆಚ್ಚಿಗೆ ಗಾಳಿ ಎಳೆದರೂ ಇದೇ ಗತಿ.

ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಧಾರೆಯನ್ನು ನೋಡಿ ಎಲ್ಲರೂ ನೆಮ್ಮದಿ ಪಡುತ್ತಾರೆ. ಅದು ಪಂಪು ಕೆಲಸ ಮಾಡುತ್ತಿದೆ ಅಂತ ಹೇಳುತ್ತದೆ, ಅಷ್ಟೇ. ಬ್ಲಾಕಿನ ಮೂಲೆ ಮೂಲೆಗೂ ನೀರು ಹೋಗುತ್ತಿದೆ ಅಂತ ಹೇಳುವುದಿಲ್ಲ. ಉಪ್ಪು ಗಟ್ಟಿಯಾಗಿ ಒಳದಾರಿ ಮುಚ್ಚಿದ್ದರೂ ಧಾರೆ ಬರುತ್ತಲೇ ಇರುತ್ತದೆ. ಹೆಡ್ ತೆಗೆದಾಗ ನೀರಿನ ದಾರಿಗಳನ್ನು ಕೆರೆದು ತೊಳೆಯಲು ಅರ್ಧ ದಿನ ಕೊಡಿ. ಇಂಪೆಲ್ಲರ್ ಬದಲಿಸುವಾಗ ಹಳೆಯದರ ರೆಕ್ಕೆ ಮುರಿದಿದ್ದರೆ ಆ ಚೂರುಗಳನ್ನು ಹುಡುಕಲೇಬೇಕು. ಅವು ಮೇಲಕ್ಕೆ ಹೋಗಿ ಎಲ್ಲಾದರೂ ದಾರಿ ಕಟ್ಟಿರುತ್ತವೆ.

ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ ಇಟ್ಟು ನೋಡಿ. ಎಥನಾಲ್ ಬೆರೆಸಿದ ಪೆಟ್ರೋಲ್ ತೇವ ಹೀರಿಕೊಳ್ಳುತ್ತದೆ. ಒಂದು ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಸೇರಿ ತಳಕ್ಕೆ ಇಳಿಯುತ್ತವೆ, ಟೂ ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪೈಪು ಎಳೆಯುವುದು ತಳದಿಂದ. ಅಂದರೆ ಇಂಜಿನ್‌ಗೆ ಹೋದದ್ದರಲ್ಲಿ ಆಯಿಲ್ ಇರಲೇ ಇಲ್ಲ.

ಮೋಟರ್ ನೀರಿಗೆ ಬಿದ್ದಿದ್ದರೆ ಒಂದು ಮಾತು. ಉಪ್ಪುನೀರಿನಿಂದ ಎತ್ತಿದ ಕೂಡಲೇ ತುಕ್ಕು ಶುರುವಾಗುತ್ತದೆ, ಯಾಕೆಂದರೆ ಈಗ ಅದಕ್ಕೆ ಗಾಳಿ ಸಿಕ್ಕಿದೆ. ಅವತ್ತೇ ಕೆಲಸ ಮಾಡಲು ಆಗದಿದ್ದರೆ ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಡಿ. ಆಗುವುದಾದರೆ ಸಿಹಿನೀರಲ್ಲಿ ತೊಳೆದು, ಪ್ಲಗ್ ತೆಗೆದು ನೀರೆಲ್ಲ ಬಸಿದು, ಒಳಗೆ ಆಯಿಲ್ ಸಿಂಪಡಿಸಿ, ಕೆಲವೇ ಗಂಟೆಗಳಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾಗುವ ತನಕ ಓಡಿಸಬೇಕು. ಫೋರ್ ಸ್ಟ್ರೋಕ್ ಆದರೆ ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ ಆಯಿಲ್ ಬದಲಿಸಲೇಬೇಕು. ಓಡುತ್ತಿರುವಾಗಲೇ ಮುಳುಗಿದ್ದರೆ ಸ್ಟಾರ್ಟ್ ಮಾಡಬೇಡಿ. ರಾಡ್ ಬಗ್ಗಿರಬಹುದು, ಬಿಚ್ಚಿಯೇ ನೋಡಬೇಕು.

ಮತ್ತೆ ಓಡಿಸುವುದು

ತುಕ್ಕಿನಿಂದ ಬಿಟ್ಟ ಇಂಜಿನ್ ಆಗಲಿ, ಹೊಸ ಪಿಸ್ಟನ್ ಹಾಕಿದ್ದಾಗಲಿ, ಕಂಪ್ರೆಶನ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತುವ ಒತ್ತಡ, ನೋಡಲೇಬೇಕು. ಎಲ್ಲಾ ಪ್ಲಗ್ ತೆಗೆದು, ಪ್ಲಗ್ ವೈರ್‌ಗಳನ್ನು ಬ್ಲಾಕಿಗೆ ಅರ್ತ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಅಳೆಯಿರಿ. ಅಂಕಿ ಎಷ್ಟು ಅನ್ನುವುದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಅದು ಶೇ. 10ರಿಂದ 15ರ ಒಳಗಿರಬೇಕು. ಈಗಷ್ಟೇ ಎಣ್ಣೆ ಬಿಟ್ಟು ಬಿಡಿಸಿದ ಸಿಲಿಂಡರ್ ಸುಳ್ಳು ಅಂಕಿ ತೋರಿಸುತ್ತದೆ. ಎಣ್ಣೆ ರಿಂಗಿನ ಸಂದು ಮುಚ್ಚಿರುವುದರಿಂದ ಕಂಪ್ರೆಶನ್ ಜಾಸ್ತಿ ಕಾಣುತ್ತದೆ. ಸ್ವಲ್ಪ ಹೊತ್ತು ಓಡಿಸಿ, ಆ ಎಣ್ಣೆ ಉರಿದು ಹೋದ ಮೇಲೆ ಮತ್ತೊಮ್ಮೆ ಅಳೆಯಿರಿ.

ಜೋಡಿಸುವಾಗ ಎಲ್ಲಾ ಬೋಲ್ಟಿಗೂ ಮೆರೈನ್ ಗ್ರೀಸ್, ಡ್ರೈವ್ ಶಾಫ್ಟಿನ ಪಕ್ಕದ ಹಲ್ಲುಗಳಿಗೂ ಗ್ರೀಸ್. ಶಾಫ್ಟಿನ ತುದಿಯ ಮೇಲೆ ಮಾತ್ರ ಗ್ರೀಸ್ ಬೇಡ, ಅಲ್ಲಿ ಗ್ರೀಸ್ ಉಂಡೆ ಸಿಕ್ಕಿದರೆ ಶಾಫ್ಟ್ ಪೂರ್ತಿ ಮೇಲೆ ಕೂರುವುದಿಲ್ಲ. ಹೆಡ್ ಬೋಲ್ಟ್‌ಗಳನ್ನು ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಯಾಗಿ ಕೂರಿಸಿ.

ಮೊದಲ ಸ್ಟಾರ್ಟ್ ನೀರಿನಲ್ಲೇ ಆಗಲಿ, ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ. ಹಳೇ ಟೂ ಸ್ಟ್ರೋಕ್‌ಗಳಿಗೆ ಮಾಮೂಲಿ ಮಿಶ್ರಣ 50ಕ್ಕೆ 1 ಇದ್ದರೆ, ಅಂದರೆ ಲೀಟರಿಗೆ 20 ಮಿಲಿ, ಹೊಸ ಪಿಸ್ಟನ್ ಪಳಗುವ ತನಕ ಸಾಮಾನ್ಯವಾಗಿ 25ಕ್ಕೆ 1, ಲೀಟರಿಗೆ 40 ಮಿಲಿ ಹಾಕುತ್ತಾರೆ. ನಿಮ್ಮ ಮಾಡೆಲಿನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ಕೇಳಿ. ಮೊದಲ ಗಂಟೆ ಪೂರ್ತಿ ಥ್ರಾಟಲ್ ಬೇಡ, ಒಂದೇ ವೇಗದಲ್ಲೂ ಓಡಿಸಬೇಡಿ, ಸ್ವಲ್ಪ ಏರಿಸಿ ಸ್ವಲ್ಪ ಇಳಿಸಿ. ಹೆಡ್ ಮೇಲೆ ಕೈ ಹಿಡಿದು ನೋಡುತ್ತಿರಿ. ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಆಗಲೇ ನಿಲ್ಲಿಸಿ, ನೀರಿನ ದಾರಿಯನ್ನು ಮತ್ತೆ ಹುಡುಕಿ. ಆ ಮೊದಲ ಓಟ ಮುಗಿದು ಇಂಜಿನ್ ತಣ್ಣಗಾದ ಮೇಲೆ ಪ್ಲಗ್‌ಗಳನ್ನು ಇನ್ನೊಮ್ಮೆ ತೆಗೆದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಎಲ್ಲದರ ಬಣ್ಣವೂ ಒಂದೇ ಥರ ಕಂದು ಇದ್ದರೆ ದೋಣಿಗೆ ಕಟ್ಟಬಹುದು.